ಕಾಳಿ ಮತ್ತು ರೇಗನ್: ಎರಡು ಹೊಳೆಗಳ ಕಾಡಿನ ಇತಿಹಾಸ

ನಮ್ಮ ಊರಿಗೆ ಹೆಸರು ಬಂದದ್ದು ಒಂದು ಹೊಳೆಯಿಂದ. ರೇಗನ್ ಎಂಬ ಆ ಹೊಳೆ ಬವೇರಿಯದ ಕಾಡಿನ ಬೆಟ್ಟಗಳಲ್ಲಿ ಹುಟ್ಟಿ, ರೇಗನ್ಸ್‌ಬರ್ಗಿನ ರೈನ್‌ಹೌಸೆನ್ ಬಡಾವಣೆಯ ಹತ್ತಿರ ಡ್ಯಾನ್ಯೂಬ್ ನದಿಗೆ ಸೇರುತ್ತದೆ. ಕ್ರಿ.ಶ. 179ರಲ್ಲಿ ರೋಮನ್ನರು ಇಲ್ಲಿ ಕೋಟೆ ಕಟ್ಟಿದಾಗ ಅದಕ್ಕೆ ಕಾಸ್ಟ್ರ ರೆಜಿನ ಎಂದು ಕರೆದದ್ದೂ ಈ ಹೊಳೆಯಿಂದಲೇ. ಜರ್ಮನ್ ಭಾಷೆಯಲ್ಲಿ ರೇಗನ್ ಎಂದರೆ ಮಳೆ, ಬುರ್ಗ್ ಎಂದರೆ ಕೋಟೆ. ಹಾಗಾಗಿ ನಮ್ಮ ಕನ್ನಡ ಶಾಲೆಯ ಚಿಕ್ಕ ಮಕ್ಕಳು ಊರನ್ನು 'ಮಳೆಕೋಟೆ' ಎಂದು ಕರೆಯುತ್ತಾರೆ. ನವೆಂಬರ್ ತಿಂಗಳಲ್ಲಿ ಶಾಲೆಗೆ ಬರುವಾಗ ಆ ಹೆಸರು ಸರಿಯೇ ಅನ್ನಿಸುತ್ತದೆ.

ಈ ಹೊಳೆಗೆ ಮೇಲ್ಭಾಗದಲ್ಲಿ ಎರಡು ಕವಲು. ಒಂದರ ಹೆಸರು ಕಪ್ಪು ರೇಗನ್, ಇನ್ನೊಂದರದು ಬಿಳಿ ರೇಗನ್. ನನ್ನ ಅಮ್ಮನ ಊರು ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ. ಅಲ್ಲಿಯ ಹೊಳೆ ಕಾಳಿ, ಅದೂ ಕಪ್ಪೇ. ಜೊಯಿಡಾ ತಾಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ದಾಂಡೇಲಿ, ಕದ್ರಾ ದಾಟಿ ಕಾರವಾರದಲ್ಲಿ ಸಮುದ್ರ ಸೇರುವ ಅದರ ಉದ್ದ 184 ಕಿಲೋಮೀಟರ್. ಎರಡೂ ದೊಡ್ಡ ನದಿಗಳೇನಲ್ಲ. ಎರಡೂ ಕಾಡಿನಿಂದ ಬರುವ ಹೊಳೆಗಳು.

ಈ ಪ್ರಬಂಧಕ್ಕೆ ವಿಷಯ ಸಿಕ್ಕಿದ್ದು ಜರ್ಮನ್ ಶಾಲೆಯ ಭೂಗೋಳ ಪಾಠದಲ್ಲಿ. 1713ರಲ್ಲಿ ಸ್ಯಾಕ್ಸನಿಯ ಗಣಿ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಒಂದು ಪುಸ್ತಕ ಬರೆದರು. ಗಣಿಗಳಿಗೂ ಅದಿರು ಕರಗಿಸುವ ಕುಲುಮೆಗಳಿಗೂ ಮರ ಸಾಲದೆ ಬಂದ ಕಾಲ ಅದು. ಬೆಳೆದಷ್ಟನ್ನೇ ಕಡಿಯಬೇಕು, ಕಡಿದಷ್ಟನ್ನು ಮತ್ತೆ ನೆಡಬೇಕು ಎಂಬುದು ಅವರ ವಾದದ ಸಾರ. ಇವತ್ತು ಎಲ್ಲರ ಬಾಯಲ್ಲಿರುವ 'ಸುಸ್ಥಿರತೆ' ಎಂಬ ಯೋಚನೆ ಅಲ್ಲಿಂದ ಬಂತು, ಅದು ಜಗತ್ತಿಗೆ ಜರ್ಮನಿ ಕೊಟ್ಟ ಕಾಣಿಕೆ ಎಂದು ನಮಗೆ ಕಲಿಸಿದರು. ಆ ಕಾಣಿಕೆ ಕಾಳಿ ಹೊಳೆಯ ತನಕ ಹೋಗಿದೆಯೇ, ಹೋಗಿದ್ದರೆ ಅಲ್ಲಿ ಏನಾಯಿತು ಎಂದು ನೋಡೋಣ ಅನ್ನಿಸಿತು.

ಮೊದಲು ಇಲ್ಲಿಯ ಕಥೆ. ರೇಗನ್ಸ್‌ಬರ್ಗಿನಲ್ಲಿ ಡ್ಯಾನ್ಯೂಬ್ ದಡದ ಒಂದು ಜಾಗಕ್ಕೆ ಹೋಲ್ಟ್ಸ್‌ಲೆಂಡೆ ಎಂದು ಹೆಸರು. ಮರ ಇಳಿಸುವ ದಡ ಎಂದರ್ಥ. ರೇಗನ್ ದಡದ ಕಡೆ ಹೋಲ್ಟ್ಸ್‌ಗಾರ್ಟನ್ ಎಂಬ ಹೆಸರಿನ ಬೀದಿಯೂ ಇದೆ, ಅಂದರೆ ಮರದ ಅಂಗಳ. ಲಾರಿ, ರೈಲು ಇಲ್ಲದ ಕಾಲದಲ್ಲಿ ಬೆಟ್ಟದ ಮೇಲೆ ಕಡಿದ ಮರವನ್ನು ಹೊಳೆಗೆ ತಳ್ಳಿ ಊರಿಗೆ ತೇಲಿಸಿ ತರುತ್ತಿದ್ದರು. ಬೆಟ್ಟದಲ್ಲಿ ಸಣ್ಣ ಕಟ್ಟೆ ಕಟ್ಟಿ ಹಿಮ ಕರಗಿದ ನೀರನ್ನು ನಿಲ್ಲಿಸಿಕೊಂಡು, ವಸಂತದಲ್ಲಿ ಒಮ್ಮೆಲೇ ಬಿಡುತ್ತಿದ್ದರು. ಮರದ ತುಂಡುಗಳು ಆ ನೀರಿನ ಜೊತೆ ಓಡಿ ಬರುತ್ತಿದ್ದವು. ಊರಿನ ಒಲೆ ಉರಿದದ್ದು ಆ ಮರದಿಂದ.

ಕಾಡಿನ ಒಳಗೆ ಗಾಜಿನ ಕುಲುಮೆಗಳಿದ್ದವು. ಟ್ಸ್ವೀಸಲ್, ಫ್ರೌವನೌ ಎಂಬ ಊರುಗಳು ಇಂದಿಗೂ ಗಾಜಿಗೆ ಹೆಸರುವಾಸಿ. ಗಾಜು ಮಾಡಲು ಬೆಂಕಿ ಬೇಕು, ಅದಕ್ಕಿಂತ ಹೆಚ್ಚಾಗಿ ಬೂದಿ ಬೇಕು. ಮರ ಸುಟ್ಟ ಬೂದಿಯಿಂದ ತೆಗೆದ ಪೊಟ್ಯಾಷ್ ಸೇರಿಸಿದರೆ ಮರಳು ಬೇಗ ಕರಗುತ್ತದೆ. ಬರೀ ಬೂದಿಗಾಗಿಯೇ ದೊಡ್ಡ ದೊಡ್ಡ ಮರಗಳನ್ನು ಸುಟ್ಟ ಕಾಲವೊಂದಿತ್ತು ಎಂದು ಓದಿದಾಗ ನಂಬುವುದು ಕಷ್ಟವಾಯಿತು.

ಆ ಬೆಟ್ಟಗಳ ಇಳಿಜಾರಿನಲ್ಲಿ ಮೊದಲು ಬೀಚ್, ಫರ್, ಸ್ಪ್ರೂಸ್ ಮೂರೂ ಬೆರೆತ ಕಾಡಿತ್ತು. ಕಡಿದ ಮೇಲೆ ಬಹುಪಾಲು ಜಾಗದಲ್ಲಿ ಸ್ಪ್ರೂಸ್ ಒಂದನ್ನೇ ಬೆಳೆಸಿದರು. ಅದು ನೇರವಾಗಿ, ಬೇಗ ಬೆಳೆಯುತ್ತದೆ, ಒಳ್ಳೆಯ ಬೆಲೆ ಬರುತ್ತದೆ. ರೈತರ ಜಮೀನಿನಲ್ಲೂ ಹೀಗೇ ಆಯಿತು. ಇಲ್ಲಿಯ ರೈತರು 'ಬರ್ಚ್ ಗುಡ್ಡ' ಎಂಬ ಒಂದು ಪದ್ಧತಿಯಲ್ಲಿ ಬೇಸಾಯ ಮಾಡುತ್ತಿದ್ದರು. ಬರ್ಚ್ ಮರಗಳನ್ನು ಕಡಿದು, ಕೊಂಬೆರೆಂಬೆ ಸುಟ್ಟು, ಒಂದೆರಡು ವರ್ಷ ಧಾನ್ಯ ಬಿತ್ತಿ, ಆಮೇಲೆ ದನ ಮೇಯಿಸಿ, ಮತ್ತೆ ಬರ್ಚ್ ಬೆಳೆಯಲು ಹಲವು ವರ್ಷ ಬಿಟ್ಟುಬಿಡುವುದು. ಇದನ್ನು ಅಮ್ಮನಿಗೆ ಓದಿ ಹೇಳಿದೆ. "ಇದು ನಮ್ಮ ಕುಣಬಿಯರ ಕುಮ್ರಿ ಅಲ್ಲವೇನೇ?" ಎಂದರು. ಹೌದು, ಕುಮ್ರಿಯೇ! ಜೊಯಿಡಾದ ಕುಣಬಿಯರೂ ಕಾಡಿನ ಒಂದು ತುಂಡು ಕಡಿದು, ಸುಟ್ಟು, ರಾಗಿ ಬಿತ್ತಿ, ಆಮೇಲೆ ಆ ಜಾಗವನ್ನು ಕಾಡಿಗೇ ಬಿಟ್ಟು ಮುಂದೆ ಹೋಗುತ್ತಿದ್ದರು. ಅಲ್ಲಿ ಬ್ರಿಟಿಷರು ಇದನ್ನು ಕಾಡಿನ ನಾಶ ಎಂದು ಕರೆದು, 19ನೇ ಶತಮಾನ ಮುಗಿಯುವುದರೊಳಗೆ ಬಹುಮಟ್ಟಿಗೆ ನಿಲ್ಲಿಸಿದರು. ಇಲ್ಲಿ ಬರ್ಚ್ ಗುಡ್ಡಗಳು ಮೆಲ್ಲಮೆಲ್ಲನೆ ಸ್ಪ್ರೂಸ್ ತೋಪುಗಳಾದವು.

ಈಗ ಕಾಳಿಯ ಕಡೆ ಬರುತ್ತೇನೆ. 1801ರಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ಸ್ಕಾಟ್ಲೆಂಡಿನ ವೈದ್ಯರು ಈಸ್ಟ್ ಇಂಡಿಯಾ ಕಂಪನಿಗಾಗಿ ಕಾರವಾರದ ಕಡೆ ಸುತ್ತಾಡಿದರು. ಅಲ್ಲಿಯ ಕಾಡು ಊರ ದೇವರಿಗೆ ಸೇರಿದ್ದು, ದೇವರ ಪೂಜಾರಿಯೂ ಆಗಿರುವ ಊರ ಗೌಡನನ್ನು ಕೇಳದೆ ಮರ ಕಡಿಯುವ ಹಾಗಿಲ್ಲ ಎಂದು ಜನ ಹೇಳಿದ್ದನ್ನು ಅವರು ಬರೆದುಕೊಂಡಿದ್ದಾರೆ. ಸರ್ಕಾರ ಕಾಡನ್ನು ತನ್ನದು ಎನ್ನದ ಹಾಗೆ ಮಾಡಿದ ಉಪಾಯ ಇದು ಎಂಬುದು ಬುಕನನ್ ಅವರ ಅನುಮಾನ. ಅದು ನಿಜವೇ ಆಗಿದ್ದರೂ ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಒಳ್ಳೆಯ ಉಪಾಯವೇ.

ಕಂಪನಿಗೆ ಬೇಕಿದ್ದುದು ಸಾಗವಾನಿ. ಹಡಗಿಗೆ ಅದಕ್ಕಿಂತ ಒಳ್ಳೆಯ ಮರ ಇಲ್ಲ. ಆಮೇಲೆ ರೈಲು ಬಂತು. ಭಾರತದ ಉದ್ದಗಲಕ್ಕೂ ಹಳಿಗಳ ಕೆಳಗೆ ಹಾಕಲು ಮರದ ದಿಮ್ಮಿಗಳು ಬೇಕಾದವು. ಎಷ್ಟು ಬೇಗ ಕಡಿದರೆಂದರೆ ಬ್ರಿಟಿಷರಿಗೇ ಭಯವಾಯಿತು. ಕಾಡು ನೋಡಿಕೊಳ್ಳಲು ಗೊತ್ತಿರುವವರು ಯಾರು ಎಂದು ಹುಡುಕಿ, ಜರ್ಮನಿಯಿಂದ ಜನ ಕರೆಸಿದರು.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಇಲ್ಲಿ. ಡೀಟ್ರಿಶ್ ಬ್ರಾಂಡಿಸ್ ಹುಟ್ಟಿದ್ದು 1824ರಲ್ಲಿ ಬಾನ್ ನಗರದಲ್ಲಿ. ಓದಿದ್ದು ಸಸ್ಯಶಾಸ್ತ್ರ. 1856ರಲ್ಲಿ ಬರ್ಮಾದ ಸಾಗವಾನಿ ಕಾಡುಗಳನ್ನು ನೋಡಿಕೊಳ್ಳಲು ಹೋದವರು 1864ರಲ್ಲಿ ಇಡೀ ಬ್ರಿಟಿಷ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಅವರ ನಂತರ ಆ ಕುರ್ಚಿಯಲ್ಲಿ ಕೂತ ವಿಲ್ಹೆಲ್ಮ್ ಶ್ಲಿಷ್, ಬರ್ಟೋಲ್ಡ್ ರಿಬ್ಬೆನ್‌ಟ್ರಾಪ್ ಇಬ್ಬರೂ ಜರ್ಮನ್ನರು. ಅಂದರೆ ಭಾರತದ ಅರಣ್ಯ ಇಲಾಖೆಗೆ ಮೊದಲ ಮೂವರು ಮುಖ್ಯಸ್ಥರೂ ಈ ದೇಶದವರು. ಮರ ಎಣಿಸುವುದು, ಕಾಡನ್ನು ಚೌಕಗಳಾಗಿ ಭಾಗ ಮಾಡುವುದು, ಇಷ್ಟು ವರ್ಷಕ್ಕೆ ಈ ಚೌಕ ಕಡಿಯಬೇಕು ಎಂದು ಯೋಜನೆ ಬರೆಯುವುದು, ಇದೆಲ್ಲ ಅವರ ಜೊತೆ ಬಂತು.

ಬ್ರಾಂಡಿಸ್ ಅವರನ್ನು ದೂರಿ ಬರೆಯುವುದು ಸುಲಭ. ಆದರೆ ಓದುತ್ತಾ ಹೋದಂತೆ ನನಗೆ ಅವರ ಮೇಲೆ ಗೌರವ ಹುಟ್ಟಿತು. ಊರಿನವರಿಗೆ ಅವರದೇ ಆದ ಕಾಡು ಇರಬೇಕು ಎಂದು ಅವರು ವಾದಿಸಿದರು. ಕೊಡಗಿನ ದೇವರಕಾಡುಗಳ ಬಗ್ಗೆ ಮೆಚ್ಚಿ ಬರೆದರು. ಬೇಡನ್ ಪೊವೆಲ್ ಎಂಬ ಇನ್ನೊಬ್ಬ ಅಧಿಕಾರಿ ಕಾಡೆಲ್ಲ ಪೂರ್ತಿ ಸರ್ಕಾರದ್ದೇ ಆಗಬೇಕು ಎಂದರು. 1878ರ ಅರಣ್ಯ ಕಾಯ್ದೆಯಲ್ಲಿ ಗೆದ್ದದ್ದು ಬೇಡನ್ ಪೊವೆಲ್ ಅವರ ಮಾತು. ಹಾಗಾಗಿ ಜರ್ಮನಿಯಿಂದ ಲೆಕ್ಕ ಬಂತು, ಬ್ರಾಂಡಿಸ್ ಅವರ ಮನಸ್ಸಿನಲ್ಲಿದ್ದ ಊರ ಕಾಡು ಬರಲಿಲ್ಲ. ಉತ್ತರ ಕನ್ನಡದಲ್ಲಿ ಸೊಪ್ಪು, ಸೌದೆ, ಮೇವಿಗೆಲ್ಲ ಅನುಮತಿ ಕೇಳಬೇಕಾಯಿತು. 1930ರಲ್ಲಿ ಗಾಂಧೀಜಿ ಉಪ್ಪು ಮಾಡಿದಾಗ ನಮ್ಮ ಜಿಲ್ಲೆಯವರು ಉಪ್ಪಿನ ಜೊತೆಗೆ ಕಾಡಿನ ಸತ್ಯಾಗ್ರಹವನ್ನೂ ಮಾಡಿದ್ದು ಇದೇ ಕಾರಣಕ್ಕೆ.

ಸ್ವಾತಂತ್ರ್ಯ ಬಂದ ಮೇಲೆ ಲೆಕ್ಕದ ಪುಸ್ತಕ ಹಾಗೇ ಉಳಿಯಿತು, ಕೆಲಸ ಮಾತ್ರ ಜೋರಾಯಿತು. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ 1959ರಿಂದ ದಾಂಡೇಲಿಯಲ್ಲಿ ಕಾಗದ ಮಾಡತೊಡಗಿತು. ಕಾಗದಕ್ಕೆ ಬೇಕಾದದ್ದು ಬಿದಿರು, ಅದು ಸುತ್ತಲಿನ ಕಾಡಿನಲ್ಲಿ ಯಥೇಚ್ಛ ಇತ್ತು. ನನ್ನ ಅಜ್ಜ ಆಗ ಯುವಕ. ಒಬ್ಬ ಗುತ್ತಿಗೆದಾರರ ಹತ್ತಿರ ಬಿದಿರಿನ ಲಾರಿಗಳ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. "ಮಳಿಗಾಲ ಮುಗದ್ ಕೂಡ್ಲೆ ಲಾರಿ ಶುರು ಆಗ್ತಿದ್ವು ತಂಗಿ, ಒಂದರ ಹಿಂದ ಒಂದು. ಬರದ್ ಬರದ್ ಕೈ ನೋವ ಬರ್ತಿತ್ತು" ಎಂದು ಫೋನಿನಲ್ಲಿ ಹೇಳಿದರು.

ಈ ಪ್ರಬಂಧ ಬರೆಯಲು ಕಷ್ಟವಾದದ್ದು ಇಲ್ಲಿಯೇ. ಬಿದಿರಿನ ಲೆಕ್ಕ ಬರೆದ ಸಂಬಳದಿಂದಲೇ ಅಜ್ಜನ ಮನೆ ನಡೆಯಿತು. ಅಮ್ಮ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಫೀಸು ಅದರಿಂದಲೇ ಬಂತು. ಆ ಓದಿನಿಂದ ಅಮ್ಮ ಇಲ್ಲಿಗೆ ಬಂದರು, ನಾನು ಇಲ್ಲಿ ಹುಟ್ಟಿದೆ. ಮೊದಲ ಸಲ ಬರೆದದ್ದನ್ನು ಓದಿ ಅಮ್ಮ ಹೇಳಿದರು: "ಕಾಡು ಕಡಿದರು ಅಂತ ಬರೀತೀಯಲ್ಲ, ಆ 'ಕಡಿದರು' ಅನ್ನುವುದರಲ್ಲಿ ನಾವೂ ಇದ್ದೇವೆ. ಅದನ್ನೂ ಬರಿ." ಬರೆದಿದ್ದೇನೆ.

ಬಿದಿರಿನ ಬೆಲೆಯ ಕಥೆಯನ್ನು ಮಾಧವ ಗಾಡ್ಗೀಳ್ ಮತ್ತು ರಾಮಚಂದ್ರ ಗುಹಾ ಬರೆದಿದ್ದಾರೆ. ಕಾರ್ಖಾನೆಗೆ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ 1.50 ರೂಪಾಯಿಯಂತೆ. ಬುಟ್ಟಿ, ಮೊರ ಹೆಣೆಯುವ ಮೇದಾರರು ಪೇಟೆಯಲ್ಲಿ ಅದೇ ಬಿದಿರಿಗೆ ಕೊಡಬೇಕಾಗಿದ್ದದ್ದು ಟನ್ನಿಗೆ 3,000 ರೂಪಾಯಿಗೂ ಹೆಚ್ಚು. ಈ ಎರಡು ಅಂಕಿಗಳನ್ನು ನಾನು ಮೂರು ಸಲ ಓದಿದೆ. ಇಷ್ಟು ಅಗ್ಗಕ್ಕೆ ಸಿಕ್ಕುವ ವಸ್ತುವನ್ನು ಯಾರು ತಾನೇ ಜೋಪಾನ ಮಾಡುತ್ತಾರೆ? ಬಿದಿರು ಮುಗಿಯುತ್ತಾ ಬಂತು. ಮೇದಾರರು ಪ್ರತಿಭಟಿಸಿದರು. 1975ರಲ್ಲಿ ಕರ್ನಾಟಕ ಸರ್ಕಾರ, ಬಿದಿರು ಯಾಕೆ ಕಡಿಮೆಯಾಗುತ್ತಿದೆ ನೋಡಿ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಗಾಡ್ಗೀಳ್ ಅವರನ್ನು ಕೇಳಿತು.

ಅವರು ಕಂಡುಕೊಂಡದ್ದು ಈ ಇಡೀ ಪ್ರಬಂಧದಲ್ಲಿ ನನಗೆ ಬಹಳ ಇಷ್ಟವಾದ ವಿಷಯ. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ಕೊಂಬೆಗಳು ಹೆಣೆದುಕೊಂಡು ಬೇಲಿಯ ಹಾಗೆ ಇರುತ್ತವೆ. ಅರಣ್ಯ ಇಲಾಖೆಯ ಕ್ರಮದ ಪ್ರಕಾರ ಆ ಮುಳ್ಳನ್ನು ಸವರಿ ತೆಗೆಯಬೇಕಿತ್ತು. ಮೆಳೆ ಸ್ವಚ್ಛವಾಗುತ್ತದೆ, ಗಾಳಿಯಾಡುತ್ತದೆ, ಬಿದಿರು ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆ. ಊರಿನವರು ಹೇಳಿದ್ದು ಬೇರೆ. ಮುಳ್ಳು ತೆಗೆದರೆ ಮಳೆಗಾಲದಲ್ಲಿ ಏಳುವ ಎಳೆ ಕಳಲೆ ಬಯಲಿಗೆ ಬೀಳುತ್ತದೆ, ದನಗಳೂ ಕಾಡುಪ್ರಾಣಿಗಳೂ ತಿಂದು ಮುಗಿಸುತ್ತವೆ ಎಂದರು. ಗಾಡ್ಗೀಳ್ ಮತ್ತು ಅವರ ಜೊತೆಯವರು ಮೆಳೆಗಳನ್ನು ವರ್ಷಗಟ್ಟಲೆ ಅಳೆದು ನೋಡಿದಾಗ ಊರಿನವರ ಮಾತೇ ಸರಿ ಎಂದಾಯಿತು. ಇದನ್ನು ಹೇಳಿದಾಗ ಅಜ್ಜ ನಕ್ಕರು. "ಇದು ಗೌಳಿ ಹುಡುಗರಿಗೂ ಗೊತ್ತಿತ್ತಲ್ಲ. ಕೇಳಾವ್ರ ಯಾರ ಇದ್ರು?"

ಬಿದಿರಿನ ಜೊತೆಗೇ ಇನ್ನೊಂದು ಬದಲಾವಣೆ ನಡೆಯುತ್ತಿತ್ತು. ಮತ್ತಿ, ನಂದಿ, ಹೊನ್ನೆ, ಬೀಟೆ, ಕಿಂದಳ, ಜಂಬೆ ಎಲ್ಲ ಬೆರೆತಿದ್ದ ಕಾಡನ್ನು ಪೂರ್ತಿ ಬೋಳಿಸಿ ಆ ಜಾಗದಲ್ಲಿ ಸಾಲಾಗಿ ಸಾಗವಾನಿ ನೆಟ್ಟರು. ಸಾಗವಾನಿ ಹೊರಗಿನ ಮರವಲ್ಲ, ದಾಂಡೇಲಿಯದೇ. ಸ್ಪ್ರೂಸ್ ಕೂಡ ಬವೇರಿಯದ ಬೆಟ್ಟದ್ದೇ. ತಪ್ಪು ಮರದ್ದಲ್ಲ. ಒಂದೇ ಮರ, ಒಂದೇ ವಯಸ್ಸು, ಒಂದೇ ಸಾಲು ಮಾಡಿದ್ದರಿಂದ ಕಾಡಿನಿಂದ ಜನರಿಗೆ ಸಿಗುತ್ತಿದ್ದ ಉಳಿದದ್ದೆಲ್ಲ ಹೋಯಿತು. ಮುರುಗಲು, ಉಪ್ಪಾಗೆ, ಸೀಗೆ, ಬೆತ್ತ, ಜೇನು, ತೋಟಕ್ಕೆ ಹಾಕುವ ಸೊಪ್ಪು ಯಾವುದೂ ಸಾಗವಾನಿ ಸಾಲಿನಲ್ಲಿ ಮೊದಲಿನ ಹಾಗೆ ಸಿಗುವುದಿಲ್ಲ. ಆದರೆ ದೂರದಿಂದ ನೋಡಿದರೆ ಅದೂ ಹಸಿರೇ, ನಕ್ಷೆಯಲ್ಲಿ ಅದಕ್ಕೂ ಕಾಡು ಎಂದೇ ಬಣ್ಣ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿದೆ. ಉತ್ತರ ಕನ್ನಡ ಜಿಲ್ಲೆಯಲ್ಲಿ 1973ರಲ್ಲಿ ಸುಮಾರು ಶೇ. 68ರಷ್ಟಿದ್ದ ನಿತ್ಯಹರಿದ್ವರ್ಣ ಮತ್ತು ಅರೆ ನಿತ್ಯಹರಿದ್ವರ್ಣ ಕಾಡು 2013ಕ್ಕೆ ಸುಮಾರು ಶೇ. 32ಕ್ಕೆ ಇಳಿದಿದೆ. ನಾವು ರಜೆಗೆ ಹೋದಾಗ ಬಸ್ಸಿನ ಕಿಟಕಿಯಿಂದ ನೋಡಿ "ಎಷ್ಟು ಕಾಡು!" ಎನ್ನುತ್ತೇವೆ. ಹಾಗೆ ಅಂದದ್ದರಲ್ಲಿ ಎಷ್ಟು ಭಾಗ ತೋಟವೋ!

ಆಮೇಲೆ ಅಣೆಕಟ್ಟುಗಳು. ರೇಗನ್ ಹೊಳೆಗೂ 1920ರ ದಶಕದಲ್ಲಿ ಹೋಲನ್‌ಸ್ಟೈನ್ ಎಂಬಲ್ಲಿ ಒಂದು ಕಟ್ಟೆ ಬಂತು, ಆದರೆ ಕಾಳಿಯಲ್ಲಿ ಆದದ್ದಕ್ಕೆ ಹೋಲಿಸಿದರೆ ಅದು ಚಿಕ್ಕದು. 1974ರಲ್ಲಿ ಕೆಲಸ ಶುರುವಾಗಿ 1987ರಲ್ಲಿ ಮುಗಿದ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಸೂಪಾ ಎಂಬ ಊರೇ ಅದರಲ್ಲಿ ಮುಳುಗಿತು. ತಾಲೂಕಿನ ಹೆಸರೂ ಸೂಪಾ ಎಂದಿದ್ದದ್ದು ಜೊಯಿಡಾ ಆಯಿತು. ಮುಳುಗಡೆಯಾದವರಲ್ಲಿ ಅನೇಕರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ನಂತರ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೈಗಾದಲ್ಲಿ ಅಣು ವಿದ್ಯುತ್ ಸ್ಥಾವರ. ಇಷ್ಟು ಉದ್ದದ ಒಂದು ಹೊಳೆಯ ಮೇಲೆ ಇಷ್ಟು ಕೆಲಸ! ಆ ಕರೆಂಟಿನಿಂದ ಬೆಂಗಳೂರಿನ ನಮ್ಮ ಚಿಕ್ಕಮ್ಮನ ಮನೆಯ ಫ್ಯಾನ್ ತಿರುಗುತ್ತದೆ. ಅಜ್ಜನ ಜೊತೆ ಮಾತಾಡುವಾಗ ದಾಂಡೇಲಿಯಲ್ಲಿ ಎರಡು ಸಲ ಕರೆಂಟ್ ಹೋಗಿದೆ.

ಇನ್ನು 1983ನೇ ವರ್ಷ. ಈ ಎರಡು ಕಥೆಗಳು ಆ ವರ್ಷ ಐದಾರು ವಾರದ ಅಂತರದಲ್ಲಿ ತಿರುಗಿದವು.

ಬವೇರಿಯದ ಕಾಡಿನ ಒಂದು ಭಾಗವನ್ನು 1970ರಲ್ಲಿ ಜರ್ಮನಿಯ ಮೊದಲ ರಾಷ್ಟ್ರೀಯ ಉದ್ಯಾನ ಮಾಡಿದ್ದರು. 1983ರ ಆಗಸ್ಟ್ 1ರಂದು ಅಲ್ಲಿ ದೊಡ್ಡ ಬಿರುಗಾಳಿ ಬೀಸಿ ಸಾವಿರಾರು ಸ್ಪ್ರೂಸ್ ಮರಗಳು ಉರುಳಿದವು. ಮೊದಲಿನ ಪದ್ಧತಿ ಪ್ರಕಾರ ಅವನ್ನೆಲ್ಲ ಎತ್ತಿ ಮಾರಿ ಜಾಗ ಸ್ವಚ್ಛ ಮಾಡಿ ಮತ್ತೆ ಸಾಲು ನೆಡಬೇಕು. ಆಗ ಬವೇರಿಯದ ಮಂತ್ರಿಯಾಗಿದ್ದ ಹಾನ್ಸ್ ಐಸನ್‌ಮಾನ್ ಉದ್ಯಾನದ ಒಳಭಾಗದಲ್ಲಿ ಬಿದ್ದ ಮರಗಳನ್ನು ಬಿದ್ದ ಹಾಗೇ ಬಿಡಿ ಎಂದು ತೀರ್ಮಾನಿಸಿದರು. ಕೊರೆಯುವ ಹುಳು ಬಂತು, 1990ರ ದಶಕದಲ್ಲಿ ಅದು ಬೆಟ್ಟಗಟ್ಟಲೆ ಸ್ಪ್ರೂಸ್ ಒಣಗಿಸಿತು. ಸುತ್ತಲಿನ ಊರಿನವರು ಸಿಟ್ಟಾದರು, ಪ್ರತಿಭಟಿಸಿದರು. ತಾತ ಮುತ್ತಾತರ ಕಾಲದಿಂದ ನೋಡಿದ ಹಸಿರು ಬೆಟ್ಟ ಬೂದಿ ಬಣ್ಣವಾದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೂ ಬಿಟ್ಟರು.

ಅದೇ ವರ್ಷ ಸೆಪ್ಟೆಂಬರ್ 8ರಂದು, ಶಿರಸಿಯ ಹತ್ತಿರದ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. ಕಡಿಯಲು ಬಂದವರು ಕೊಡಲಿ ಕೆಳಗಿಟ್ಟರು. ಪಾಂಡುರಂಗ ಹೆಗಡೆ ಮತ್ತು ಗೆಳೆಯರು ಊರೂರಿಗೆ ಒಯ್ದ ಈ ಚಳವಳಿಯೇ ಅಪ್ಪಿಕೊ. ಹಿಮಾಲಯದ ಚಿಪ್ಕೊ ಅದಕ್ಕೆ ಮಾದರಿ. ಶಿರಸಿ ಕಾಳಿಯ ಕಣಿವೆಯಲ್ಲ, ಪಕ್ಕದ್ದು. ಆದರೆ ಅಲ್ಲಿಯ ದೂರೂ ಇದೇ ಆಗಿತ್ತು, ಬೆರಕೆ ಕಾಡು ಬೋಳಿಸಿ ಸಾಗವಾನಿ ನೆಡಬೇಡಿ ಎಂದು. ಜಗಳ ಬರೀ ಕಡಿಯುವುದರ ಮೇಲಲ್ಲ, ನೆಡುವುದರ ಮೇಲೂ ಎಂಬುದು ನನಗೆ ಮುಖ್ಯ ಅನ್ನಿಸುತ್ತದೆ. ಮರ ನೆಡುವುದನ್ನು ವಿರೋಧಿಸಿ ಜನ ಬೀದಿಗೆ ಇಳಿದರು ಎಂದು ನಮ್ಮ ತರಗತಿಯಲ್ಲಿ ಹೇಳಿದಾಗ ಗೆಳತಿಯರಿಗೆ ಮೊದಲು ಅರ್ಥವಾಗಲಿಲ್ಲ. ಸ್ಪ್ರೂಸ್ ಸಾಲುಗಳನ್ನು ನೆನಪಿಸಿದ ಮೇಲೆ ಆಯಿತು.

ಕಾಳಿಯ ಕಾಡು ಈಗ ಹುಲಿ ಸಂರಕ್ಷಿತ ಪ್ರದೇಶ. 1956ರ ದಾಂಡೇಲಿ ಅಭಯಾರಣ್ಯ, 1987ರ ಅಣಶಿ ರಾಷ್ಟ್ರೀಯ ಉದ್ಯಾನ ಎರಡನ್ನೂ ಸೇರಿಸಿ 2007ರಲ್ಲಿ ಮಾಡಿದ್ದು. 2015ರಿಂದ ಅದಕ್ಕೆ ಕಾಳಿ ಎಂದೇ ಹೆಸರು. ಕಾರ್ಖಾನೆ ಈಗ ಹೆಚ್ಚಾಗಿ ರೈತರು ಬೆಳೆದ ಸುಬಾಬುಲ್, ಗಾಳಿ, ನೀಲಗಿರಿ ಮರಗಳಿಂದ ಕಾಗದ ಮಾಡುತ್ತದೆ. ಹಳೆಯ ಸಾಗವಾನಿ ಸಾಲುಗಳು ಹಾಗೇ ನಿಂತಿವೆ. ಅವನ್ನು ಏನು ಮಾಡಬೇಕು, ಕಡಿದು ಬೇರೆ ನೆಡಬೇಕೋ, ಬಿಟ್ಟು ಕಾಯಬೇಕೋ ಎಂಬುದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಕಾಡಿನೊಳಗಿನ ಕುಣಬಿ ಮನೆಗಳನ್ನು ಕೇಳದೆ ಉತ್ತರ ಕೊಡಬಾರದು ಎಂದಷ್ಟೇ ಗೊತ್ತು.

ಹೋದ ಶರತ್ಕಾಲದಲ್ಲಿ ನಮ್ಮ ತರಗತಿ ಲೂಸನ್ ಬೆಟ್ಟಕ್ಕೆ ಹೋಗಿತ್ತು, ಹುಳು ತಿಂದು ಸತ್ತ ಕಾಡು ಅಲ್ಲಿಯೇ. ಬೆಳ್ಳಗೆ ಒಣಗಿ ನಿಂತ ಕಾಂಡಗಳ ನಡುವೆ ಎಳೆಯ ಸ್ಪ್ರೂಸ್, ಕೆಂಪು ಹಣ್ಣಿನ ರೋವನ್ ಮರಗಳು ನನಗಿಂತ ಎಷ್ಟೋ ಎತ್ತರ ಬೆಳೆದಿವೆ. ಯಾರೂ ನೆಟ್ಟದ್ದಲ್ಲ. ಅಜ್ಜನಿಗೆ ಫೋಟೋ ಕಳಿಸಿದೆ. ಅವರು ಕೇಳಿದ ಮೊದಲ ಪ್ರಶ್ನೆ: "ಅಲ್ಲೆ ದನ ಬಿಡ್ತಾರೇನು?"

ಹಿಂದೆ ಬಿಡುತ್ತಿದ್ದರು ಎಂದೆ. ಬೆಟ್ಟದ ಮೇಲೆ ಶಾಖ್ಟನ್ ಎಂಬ ಹುಲ್ಲುಗಾವಲುಗಳಿವೆ, ಬೇಸಿಗೆಯಲ್ಲಿ ದನಗಾಹಿಗಳು ಅಲ್ಲಿಯೇ ಉಳಿಯುತ್ತಿದ್ದರು, ಈಗ ಆ ಪದ್ಧತಿ ಇಲ್ಲ. ಆದರೆ ಜಿಂಕೆಗಳಿವೆ. ಹಾಗಿದ್ದರೆ ಎಳೆ ಗಿಡ ಹೇಗೆ ಉಳಿಯಿತು ಎಂದು ಅಜ್ಜ ಬಿಡಲಿಲ್ಲ. ಉದ್ಯಾನದ ಮಾರ್ಗದರ್ಶಕರು ಹೇಳಿದ್ದನ್ನೇ ಹೇಳಿದೆ. ಬಿದ್ದ ಕಾಂಡಗಳು ಅಡ್ಡಾದಿಡ್ಡಿ ಹೆಣೆದುಕೊಂಡಿರುವ ಕಡೆ ಜಿಂಕೆ ನುಗ್ಗುವುದಿಲ್ಲ, ಕೊಳೆತ ಕಾಂಡದ ಮೇಲೆಯೇ ಬೀಜ ಮೊಳೆಯುತ್ತದೆ.

"ಅಂದ್ರ ಅಲ್ಲೆ ಮುಳ್ಳ ತಗೀಲಿಲ್ಲ ಅನ್ನು" ಎಂದರು ಅಜ್ಜ.

ಆಗಸ್ಟಿನಲ್ಲಿ ನಾವು ದಾಂಡೇಲಿಗೆ ಹೋಗುತ್ತೇವೆ. ಊರ ಹೊರಗೆ ಮುಳ್ಳು ಸವರದೆ ಬಿಟ್ಟ ಒಂದು ಹಳೆಯ ಮೆಳೆ ಇದೆಯಂತೆ, ತೋರಿಸುತ್ತೇನೆ ಎಂದಿದ್ದಾರೆ. ಆಗ ಮಳೆಗಾಲ, ಕಳಲೆ ಎದ್ದಿರುತ್ತದೆ.